ಮೊಳೆ

ಐದನೇ ವರ್ಷದ ಥೀಸಿಸ್ಸಿಗೆ
ಬಳಪದ ಕಲ್ಲಿನ ಮ್ಯೂಸಿಯಂ ಬಿಡಿಸಿದ್ದೆ.
ಜ್ಯೂರಿ ಕೇಳಿದ್ದು ಒಂದೇ: ‘ಕಾನ್ಸೆಪ್ಟ್ ಏನು?’
ಬೆಳಕು, ಅಂದೆ. ಒಪ್ಪಿದರು.

ಈಗ ಹಾಸನದಲ್ಲಿ, ತಿಂಗಳಿಗೆ ಎಂಟು ಸಾವಿರಕ್ಕೆ,
ಸಂತೆಪೇಟೆಯ ಹೆಂಗಸರ ಶೌಚಾಲಯ
ನನ್ನ ಮೊದಲ ಕಟ್ಟಡ.
ಹನ್ನೆರಡು ಅಡಿಗೆ ಒಂಬತ್ತು.
ಇಲ್ಲೂ ಬೆಳಕು ತಂದೆ, ಜಾಲಂಧ್ರದಿಂದ, ಓರೆಯಾಗಿ.

ಸೊಪ್ಪು ಮಾರುವ ದ್ಯಾವೀರಮ್ಮ
ಹಸಿ ಗಾರೆ ತುಳಿಯದಂತೆ ಒಳಹೊಕ್ಕು
ಗೋಡೆ ಸವರಿ ನೋಡಿದಳು:
‘ಚೀಲ ಎಲ್ಲಿ ನೇತಾಕ್ಲವ್ವ?
ಈ ನೆಲದ್ ಮೇಲ್ ಇಡಾಕಾಯ್ತದಾ?’

ನನ್ನ ಹಾಳೆಗಳಲ್ಲಿ ಓಡಾಡಿದ್ದು
ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಜನ;
ಒಬ್ಬರ ಕೈಯಲ್ಲೂ ಚೀಲವಿರಲಿಲ್ಲ.

ರಾತ್ರಿ ನಕ್ಷೆ ಬಿಚ್ಚಿ
ಬಾಗಿಲ ಹಿಂದೆ, ಐದಡಿ ಎತ್ತರಕ್ಕೆ
ಮೊಳೆ ಗುರುತಿಸಿದೆ. ಚುಕ್ಕಿಯಷ್ಟೇ.
ಅಳಿಸಿದೆ.
ದ್ಯಾವೀರಮ್ಮನಿಗೆ ಅದು ಎಟುಕುವುದಿಲ್ಲ.
ನಾಲ್ಕೂವರೆ.