ಒಂದು ಪೈ

ಮಗಳು ಹೇಳಿದ್ದು ಒಂದೇ ಮಾತು:
‘ಭಾನುವಾರ ಪೈ ಮಾಡ್ತೀನಿ.’
ಮನೆಯಲ್ಲಿ ಮೂವರಿಗೆ ಮೂರು ಥರ ಕೇಳಿಸಿತು.

ಚೌಡಜ್ಜಿಗೆ ತೊಂಬತ್ತಮೂರು. ಕಿವಿ ಮಂದ, ಆಸೆ ಚುರುಕು.
‘ಪೈಯಾ? ಎಲ್ಲಿ ಸಿಕ್ತೇ?’ ಎಂದು ಅಂಗೈ ಚಾಚಿದಳು.
ಆಣೆಗೆ ಹನ್ನೆರಡು ಪೈ ಇದ್ದ ಕಾಲದಲ್ಲಿ
ಲಾಳಿಗೆ ನೂಲು ಸುತ್ತಿಕೊಟ್ಟರೆ ದಿನಕ್ಕೆ ಮೂರು.
ಎರಡನ್ನು ಅಮ್ಮನ ಕೈಗಿಟ್ಟು
ಒಂದನ್ನು ದವಡೆಯಲ್ಲಿ ಬಚ್ಚಿಟ್ಟು
ಅವೆನ್ಯೂ ರಸ್ತೆವರೆಗೆ ಓಡಿದವಳು.
‘ಮೊದಲು ತಾಮ್ರದ ರುಚಿ, ಆಮೇಲೆ ಬತ್ತಾಸು.’

ಅಪ್ಪ ಕಾರ್ಪೊರೇಷನ್ ಹೈಸ್ಕೂಲಿನಲ್ಲಿ
ಮೂವತ್ತೊಂದು ವರ್ಷ ಲೆಕ್ಕ ಹೇಳಿದವರು.
‘ಅದನ್ನ ಮಾಡೋದೇನು ಬಂತು, ಇದ್ದೇ ಇದೆ.
ಇಪ್ಪತ್ತೆರಡು ಬೈ ಏಳು. ಅದೂ ಸುಮಾರಿಗೆ.’

ನನಗೆ ಪೈ ಅಂದರೆ ಪಾಂಡುರಂಗ ಪೈಗಳು,
ಮನೆ ಓನರ್ರು, ತಿಂಗಳ ಐದಕ್ಕೆ ತಪ್ಪದವರು.
ಭಾನುವಾರ ಐದನೇ ತಾರೀಖು.

ಮಗಳು ನಕ್ಕಳು, ಫೋನು ತೋರಿಸಿದಳು:
ಹಿಟ್ಟಿನ ಬಟ್ಟಲು, ಒಳಗೆ ಹಣ್ಣು,
ಮೇಲೆ ಚಾಪೆಯ ಹಾಗೆ ಹೆಣೆದ ಪಟ್ಟಿಗಳು.
‘ಇದು ನೇಯ್ಗೆ ಕಣೆ,’ ಅಜ್ಜಿ ಕಣ್ಣು ಕಿರಿದು ಮಾಡಿದಳು,
‘ಹಾಸು ಸಡಿಲ ಬಿಟ್ಟಿದ್ದಾರೆ.’

ಭಾನುವಾರ ಸೀಬೆಹಣ್ಣು ಬೆಂದು ಕೆಂಪಾಗಿತ್ತು,
ಬೆಣ್ಣೆ ಎಲ್ಲರ ಮೊಣಕೈಗೆ ಹತ್ತಿತ್ತು,
ಪುಟ್ಟ ಓವನ್ನು ಕೆಂಪಗೆ ಕಣ್ಣು ಬಿಟ್ಟದ್ದೇ ತಡ
ಕರೆಂಟು ಹೋಯಿತು.
ಕಬ್ಬನ್‌ಪೇಟೆಯ ಮಗ್ಗಗಳೆಲ್ಲ
ಒಟ್ಟಿಗೆ ಬಾಯಿ ಮುಚ್ಚಿದವು.
ಆ ಮೌನದಲ್ಲಿ ಮಗಳು ಅಳುವುದು
ಆಚೆ ಮನೆಗೂ ಕೇಳಿಸುವಂತಿತ್ತು.

ತಟ್ಟೆಗೆ ಒದ್ದೆ ಬಟ್ಟೆ ಮುಚ್ಚಿ
ಗಲ್ಲಿ ತುದಿಯ ಅಯ್ಯಂಗಾರ್ ಬೇಕರಿಗೆ ನಡೆದೆ.
ಈಗ ಅದರಲ್ಲಿ ಅಯ್ಯಂಗಾರರಿಲ್ಲ, ತಿಮ್ಮೇಶನಿದ್ದಾನೆ.
ಸೌದೆ ಒಲೆ ಮಾತ್ರ ಅದೇ.
ಬಟ್ಟೆ ಎತ್ತಿ ನೋಡಿ ಕೇಳಿದ:
‘ಏನಕ್ಕಾ, ಇಷ್ಟು ದೊಡ್ಡ ದಿಲ್‌ಪಸಂದು?’

ಅಲ್ಲ ಎನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ಒಲೆಯ ಬಿಸಿ ಮುಖಕ್ಕೆ ಬಡಿದು
ನನಗೆ ಎಂಟು ವರ್ಷ. ಅಪ್ಪನ ಸಂಬಳದ ದಿನ.
ಎಣ್ಣೆ ಇಳಿದ ಪೇಪರು ಬಿಚ್ಚಿದರೆ ಒಂದೇ ಒಂದು ದಿಲ್‌ಪಸಂದು,
ಕೊಬ್ಬರಿ, ಟೂಟಿಫ್ರೂಟಿ, ಯಾರ ಪಾಲಿಗೆ ಬೀಳುವುದೋ
ಒಂದು ಅರ್ಧ ಚೆರ‍್ರಿ.
ಅಮ್ಮ ತನ್ನ ಚೂರನ್ನು ಹಲ್ಲುನೋವೆಂದು ನನ್ನತ್ತ ತಳ್ಳುತ್ತಿದ್ದಳು.
ಪ್ರತಿ ತಿಂಗಳೂ ಒಂದನೇ ತಾರೀಖು ಹಲ್ಲುನೋವು.

‘ಹೂಂ, ಅಂಥದ್ದೇ,’ ಎಂದೆ.
ಚೀಟಿಯಲ್ಲಿ ಹೆಸರು ಬರೆದು ತಟ್ಟೆಗೆ ಅಂಟಿಸಿ
ಬ್ರೆಡ್ಡು ಇಳಿದ ಬಿಸಿಯೊಳಗೆ ತಳ್ಳಿದ.

ಹನ್ನೊಂದೂವರೆಗೆ ಪೈ ಬಂತು, ಒಂದು ಕಡೆ ಸೀದು.
ಹಿಂದೆಯೇ ಪೈಗಳೂ ಬಂದರು.
‘ನನ್ನ ಹೆಸರಲ್ಲಿ ತಿಂಡಿಯೇ?’ ಎಂದು ಚಪ್ಪಲಿ ಬಿಟ್ಟರು.
ಅಪ್ಪ ಅಟ್ಟದಿಂದ ಮರದ ಕೋನಮಾಪಕ ಇಳಿಸಿದರು,
ಬೋರ್ಡಿನ ಸುಣ್ಣ ಇನ್ನೂ ಅದರ ಅಂಚಿನಲ್ಲಿತ್ತು.
ಐದು ಜನ, ಎಪ್ಪತ್ತೆರಡು ಡಿಗ್ರಿ.
ಚಾಕು ಇಟ್ಟದ್ದೇ ಪೈ ಕುಸಿದು
ಕೋನಗಳೆಲ್ಲ ಒಂದರೊಳಗೊಂದು ಹರಿದವು.
ಚಮಚದಲ್ಲಿ ಬಡಿಸಿದೆವು.
ಸಕ್ಕರೆ ಕಾಯಿಲೆಯ ಅಪ್ಪ ‘ಸುಮಾರಿಗೆ’ ಎಂದು
ಎರಡು ಸಲ ಹಾಕಿಸಿಕೊಂಡರು.

ಪೈಗಳು ತಿಂದರು, ಕೈ ತೊಳೆದರು,
ಬಾಡಿಗೆ ಎಣಿಸಿಕೊಂಡರು.
ಏರಿಸುವ ಮಾತು ಮಾತ್ರ ಆ ತಿಂಗಳು ಎತ್ತಲಿಲ್ಲ.

ಅಜ್ಜಿ ಸೀದ ಅಂಚನ್ನೇ ಆರಿಸಿ ಚೀಪುತ್ತಿದ್ದಳು.
‘ಎಷ್ಟಾಯಿತೇ ಇದಕ್ಕೆ?’
‘ಆರುನೂರ ನಲವತ್ತು.’
‘ಪೈ ಲೆಕ್ಕದಲ್ಲಿ ಹೇಳು.’
ಅಪ್ಪ ಕಣ್ಣು ಮುಚ್ಚಿದರು. ‘ರೂಪಾಯಿಗೆ ನೂರ ತೊಂಬತ್ತೆರಡು.
ಒಂದು ಲಕ್ಷ ಇಪ್ಪತ್ತೆರಡು ಸಾವಿರದ
ಎಂಟುನೂರ ಎಂಬತ್ತು.’

ಅಜ್ಜಿಯ ದವಡೆ ನಿಂತಿತು.
ಅಷ್ಟೊಂದು ತಾಮ್ರ
ಅಷ್ಟು ಸಣ್ಣ ಬಾಯಲ್ಲಿ
ಹೇಗೆ ಹಿಡಿಸುವುದೆಂದು ಯೋಚಿಸಿದಳೋ ಏನೋ.
ಆಮೇಲೆ ತಟ್ಟೆ ಮುಂದೆ ಚಾಚಿದಳು:
‘ಹಾಗಾದರೆ ಇನ್ನೊಂದು ಚೂರು ಹಾಕು.’

ತಿಮ್ಮೇಶನಿಗೆಂದು ತೆಗೆದಿಟ್ಟದ್ದು ಅಷ್ಟೇ ಉಳಿದಿತ್ತು.