ಗುರುವಾರದ ಉಗುರು

ಟೇಪು, ಕತ್ತರಿ, ಅರ್ಧ ಹೊಲಿದ ರವಿಕೆಗಳನ್ನು ಮಿಷನ್ನಿನ ಮೇಲೇ ಬಿಟ್ಟು
ಗುರುವಾರ ನಾನು ಬೇರೆ ಚೀಲ ಹಿಡಿಯುತ್ತೇನೆ.
ನೈಲ್‌ಕಟರ್ ಎರಡು, ಒರೆಸಲು ಹಳೇ ಪಂಚೆ,
ಕೊಬ್ಬರಿ ಎಣ್ಣೆ, ಓದುವ ಕನ್ನಡಕ.
ಕಾಲು ನೆನೆಸುವ ನೀಲಿ ಟಬ್ಬು ಸ್ಕೂಟಿಯ ಮುಂದೆ,
ಗಂಡಸಿಯಿಂದ ಕಲ್ಲುಕೊಪ್ಪಲ ತನಕ
ಮೊಣಕಾಲಿಗೆ ಬಡಿಯುತ್ತಾ ಬರುತ್ತದೆ.

ನಾವು ಆರು ಜನ.
ಒಬ್ಬ ಬಲ್ಬು ಹಾಕುತ್ತಾನೆ, ಬಚ್ಚಲಿಗೆ ಹಿಡಿಕೆ ಕೂರಿಸುತ್ತಾನೆ.
ಒಬ್ಬಳು ಬೀಪಿ ಮಾತ್ರೆ ತರುತ್ತಾಳೆ.
ಪೋಸ್ಟ್‌ಮ್ಯಾನ್ ಆಗಿದ್ದ ರಂಗಶೆಟ್ಟರು
ಸವೆದ ಹೆಬ್ಬೆಟ್ಟುಗಳನ್ನು ಬ್ಯಾಂಕಿನ ಯಂತ್ರದ ಮುಂದೆ ಕೂರಿಸಿ
ಅದು ಒಪ್ಪುವ ತನಕ ಅದರ ಜೊತೆ ಜಗಳ ಆಡುತ್ತಾರೆ.
ಉಗುರು ಯಾರಿಗೂ ಬೇಡವಾಗಿ ಉಳಿದಿತ್ತು.
ನನಗೆ ಬಂತು.

ಬಗ್ಗಲಾಗದವರಿಗೆ ಗೊತ್ತು,
ಊರಿನಲ್ಲಿ ಎಲ್ಲಕ್ಕಿಂತ ದೂರದ ಜಾಗ
ತನ್ನದೇ ಕಾಲಿನ ಹೆಬ್ಬೆರಳು.

ಖಾತೂನ್‌ಬಿಯ ಹಿಮ್ಮಡಿಯ ಬಿರುಕಿನಲ್ಲಿ
ಇಟ್ಟಿಗೆ ಗೂಡಿನ ಕೆಂಪು ಇನ್ನೂ ಹೋಗಿಲ್ಲ.
ಉಜ್ಜಲು ಹೋದರೆ "ಇರ್ಲಿ ಬಿಡಮ್ಮ" ಎನ್ನುತ್ತಾರೆ,
"ಮೂವತ್ತು ವರ್ಷ ತುಳ್ದಿದ್ದು,
ಅದಕ್ಕೂ ಒಂದು ಮನೆ ಬೇಕಲ್ಲ."

ಅಂಗನವಾಡಿಯಲ್ಲಿ ಉಪ್ಪಿಟ್ಟು ತಿರುವಿದ ನಿಂಗಾಜಮ್ಮ
ಮದುವೆ ಬೇಡವೆಂದವರು, ಬೇಡವೆಂದೇ ಎಪ್ಪತ್ತೆಂಟಕ್ಕೆ ಬಂದವರು.
ನನಗೆ ಕಾಫಿ ಅವರೇ ಕಾಯಿಸಬೇಕು.
ಮೊದಲ ಕಡ್ಡಿ ಮುರಿಯುತ್ತದೆ. ಎರಡನೆಯದು ಆರುತ್ತದೆ.
ಮೂರನೆಯದು ಒಲೆಯ ತನಕ ಹೋಗಿ ಮರೆತುಬಿಡುತ್ತದೆ.
ನಮ್ಮ ಪುಸ್ತಕದ ಮೊದಲ ಪುಟದಲ್ಲಿದೆ:
ಅವರ ಕೈಲಾಗುವುದನ್ನು ನಾವು ಮಾಡಬಾರದು.
ಬರೆದವಳು ನಾನೇ.
ಎರಡೂ ಅಂಗೈ ತೊಡೆಯಡಿ ಹಾಕಿಕೊಂಡು
ಐದನೇ ಕಡ್ಡಿಯ ತನಕ ಕೂರುತ್ತೇನೆ.
ಇಡೀ ವಾರದಲ್ಲಿ ನನಗೆ ಕಷ್ಟವಾಗುವ ಕೆಲಸ ಇದೊಂದೇ.

ಚಲುವಯ್ಯನವರು ಮಾತ್ರ ಐದು ತಿಂಗಳು
ಬಾಗಿಲಿನಿಂದಲೇ ಕಳಿಸಿದರು.
ಈ ಸುತ್ತಿನ ಹದಿನಾಲ್ಕು ಹಳ್ಳಿಯ ತಲೆಗಳು
ಅವರು ಬಗ್ಗಿಸಿದತ್ತ ಬಗ್ಗಿದ್ದವು.
ಚಪ್ಪರದ ಕೆಳಗೆ ಮದುಮಕ್ಕಳ ಉಗುರು ತೆಗೆದವರು ಅವರು,
ಯಾರ ಮನೆಯ ಹುಡುಗ ನಡುಗಿದ, ಯಾರು ನಕ್ಕ,
ಎಲ್ಲ ನೆನಪಿದೆ.
ಈಗ ನಡುಗುವುದು ಅವರ ಕೈ.
ಸಕ್ಕರೆ ಕಾಯಿಲೆಯ ಕಾಲು,
ಕಿರುಬೆರಳಿಗೆ ಬಟ್ಟೆ ಸುತ್ತಿದ್ದರು.
ತಮ್ಮ ಉಗುರುಗತ್ತಿಯಿಂದ ತಾವೇ ಮಾಡಿಕೊಂಡ ಗಾಯ;
ಇಲಿ ಕಚ್ಚಿತು ಎಂದರು.

ಮೊನ್ನೆ ಗುರುವಾರ ಯಾಕೋ ಒಳಗೆ ಕರೆದರು.
"ಹೆಂಗ್ ಹಿಡಿತೀಯ, ನಿನ್ನ ಬೆರಳಲ್ಲೇ ತೋರ್ಸವ್ವ."
ತೋರಿಸಿದೆ.
"ತಪ್ಪು. ಮೂಲೇಲಿ ಗುಂಡಗೆ ತೆಗೀಬ್ಯಾಡ, ಒಳಕ್ಕೆ ಬೆಳೀತದೆ.
ನೇರಕ್ಕೆ ತೆಗಿ. ಉಸ್ರು ಬಿಗಿ ಹಿಡಿಬ್ಯಾಡ,
ಕಾಲಿಗೆ ಗೊತ್ತಾಯ್ತದೆ."
ನನ್ನ ಎಡಗೈಯ ಐದೂ ಉಗುರು
ಅವರ ಕಣ್ಣಳತೆಗೆ ಬರುವ ತನಕ ಬಿಡಲಿಲ್ಲ.
ಆಮೇಲೆ ಪಂಚೆ ಎತ್ತಿಕೊಂಡು
ತಾವೇ ನೀಲಿ ಟಬ್ಬಿನೊಳಗೆ ಕಾಲಿಟ್ಟರು.

ಮುಗಿದಾಗ ಕೇಳಿದರು: "ಆಯ ಎಷ್ಟು?"
ಏನೂ ಇಲ್ಲ, ತಾತ, ಇದು ಸೇವೆ ಎಂದೆ.
ಮುಖ ಗೋಡೆಯ ಕಡೆ ಹೋಯಿತು.
"ಸುಗ್ಗೀಲಿ ಕಣದ ಅಂಚಿಗೆ ನಿಂತ್ಕಂಡು
ಮೊರದಲ್ಲಿ ಈಸ್ಕಂಡವನು ನಾನು.
ಎಷ್ಟೋ ಕಣದಲ್ಲಿ ಜೊಳ್ಳು ಹಾಕವ್ರೆ, ಅದ್ನೂ ತಂದಿವ್ನಿ.
ಆದ್ರೂ ಬಿಟ್ಟಿ ಅಂತ ಯಾವನ ಕೆನ್ನೆಗೂ ಕತ್ತಿ ಇಟ್ಟಿಲ್ಲ.
ನನ್ನ ಕಾಲೇನು ಬಿಟ್ಟಿ ಬಿದ್ದದಾ?"

ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದು,
ಅದು ಎರಡನೇ ನಿಯಮ.
ಗೋಡೆ ಹಿಡಿದು ಮೂಲೆಯ ಡಬ್ಬದ ಹತ್ತಿರ ಹೋದರು.
ಸೇರು ಅದ್ದಿದರು. ಕೈ ನಡುಗಿ ಅರ್ಧ ನೆಲಕ್ಕೆ.
ಮತ್ತೆ ಅದ್ದಿದರು.
ನಾನು ಚೀಲ ಅಗಲಿಸಿ ಹಿಡಿದೆ,
ಚೀಲವನ್ನು ಮಾತ್ರ ಹಿಡಿದೆ.
ನೆಲಕ್ಕೆ ಬಿದ್ದದ್ದನ್ನು ಅವರೇ ಗುಡಿಸಿದರು, ಕೂತುಕೊಂಡೇ,
ಗೋಡೆಯ ಮೂಲೆಯ ತನಕ.

ಹೊರಗೆ ಬಂದು ಸ್ಕೂಟಿಯ ಸೀಟಿನ ಮೇಲೆ ಪುಸ್ತಕ ಇಟ್ಟು ಬರೆದೆ:
ಚಲುವಯ್ಯ, ಎಂಬತ್ತೊಂದು.
ಕಾಲು ಎರಡು, ಉಗುರು ಹತ್ತು,
ಕಿರುಬೆರಳ ಗಾಯ ನರ್ಸಮ್ಮನಿಗೆ ತಿಳಿಸಬೇಕು.
ಇಲಿಯ ವಿಷಯ ಬರೆಯಲಿಲ್ಲ.
ರಾಗಿಯದೂ ಬರೆಯಲಿಲ್ಲ.

ಸಂಜೆ ಮಿಷನ್ನಿಗೆ ಕೂತರೆ
ಎಡಗೈ ಬೇರೆ ಯಾರದೋ ಹಾಗೆ,
ಉಗುರುಗಳೆಲ್ಲ ನೇರ, ಮಟ್ಟಸ.