ಹೊಂದಿಸಿ ಬರೆಯಿರಿ

ಬೇಕೂರು ಶಾಲೆಯಲ್ಲಿ ವಾರಿಜಾ ಟೀಚರ್
ಬ ಪಟ್ಟಿಗೆ ಯಾವಾಗಲೂ ಒಂದು ಹೆಚ್ಚು ಬರೆಯುತ್ತಿದ್ದರು,
ಕೊನೆಗುಳಿದದ್ದು ಕೊನೆಗುಳಿದದ್ದಕ್ಕೆ ಎಂದು ನಾವು ಪಾಸಾಗದಂತೆ.
ಗೊತ್ತಿಲ್ಲದಿದ್ದರೂ ಬಿಡಬೇಡಿ, ಏನಾದರೂ ಗೆರೆ ಎಳೆಯಿರಿ,
ಬಿಟ್ಟರೂ ಅರ್ಧ ಅಂಕ, ತಪ್ಪಿದರೂ ಅರ್ಧ ಅಂಕವೇ ಹೋಗುವುದು.

ಈಗ ರಾತ್ರಿ ಹನ್ನೊಂದೂವರೆ, ಪೆರಿಯದ ಲ್ಯಾಬು.
ಅ ಪಟ್ಟಿಯಲ್ಲಿ ಎರಡು ಕೋಟಿ ಹನ್ನೊಂದು ಲಕ್ಷ ಓದು,
ಒಂದೊಂದರಲ್ಲೂ ನೂರೈವತ್ತು ಅಕ್ಷರ.
ನಾಲ್ಕೇ ಅಕ್ಷರದ ವರ್ಣಮಾಲೆ, ಕಾಗುಣಿತವಿಲ್ಲ, ಒತ್ತಕ್ಷರವಿಲ್ಲ.
ಬ ಪಟ್ಟಿ ದೂರದ ಯಾವುದೋ ಸರ್ವರಿನಲ್ಲಿ:
ಲೋಕ ಈವರೆಗೆ ಓದಿ ಮುಗಿಸಿದ ಜೀವಗಳೆಲ್ಲ.

ಶಿರಿಯ ಅಳಿವೆಯ ಮರುವಾಯಿ ಇವು.
ಅಂದುಞಿ ಕಾಕ ಬಕೆಟಿನಲ್ಲಿ ತಂದಾಗ
ಬಾಯಿ ಬಿಟ್ಟುಕೊಂಡಿದ್ದವು, ಮುಟ್ಟಿದರೂ ಮುಚ್ಚದೆ.
"ಕುದಿಸದೆ ಬಾಯಿ ಬಿಡುವ ಜಾತಿಯಲ್ಲ ಇದು" ಎಂದಿದ್ದರು.

ಮೊದಲು ರೈಬೋಸೋಮಿನ ಆರ್‌ಎನ್‌ಎ, ಜಾಲಾಡಿದಷ್ಟೂ ಅದೇ,
ಬಲೆಗೆ ಬಿದ್ದ ಪಾಚಿಯ ಹಾಗೆ. ತೆಗೆದೆ.
ಆಮೇಲೆ ಮರುವಾಯಿಯದೇ ಜೀನೋಮು. ಇದರದ್ದು ಯಾರೂ ಓದಿಲ್ಲ,
ದಾಯಾದಿಯೊಂದರದು ಚೀನಾದಲ್ಲುಂಟು, ಕಡ ತಂದು ಹೊಂದಿಸಿದೆ.
ಕೆಲವು ಓದು ಒಂದೇ ಸಲ ಹದಿನಾಲ್ಕು ಕಡೆ ಕೂತವು.
ಉಪ್ಪಳ ಪೇಟೆಯಲ್ಲಿ "ಅಕ್ಕಾ" ಎಂದು ಕೂಗಿ ನೋಡಿ,
ಎಷ್ಟು ಭಾಷೆಯವರು ತಿರುಗುತ್ತಾರೆ.

ಮುನ್ನೂರು ಓದು ಮನುಷ್ಯನಿಗೆ ಹೊಂದಿದವು.
ಮೂವತ್ತು, ಕೋಳಿಗೆ.
ಯಾರೆಂದು ಹುಡುಕಬೇಕಿಲ್ಲ. ಗ್ಲೌಸು ಹಾಕುವ ಮೊದಲು
ನಾನು ತಿಂದದ್ದು ಕೋರಿರೊಟ್ಟಿ.

ಉಳಿದದ್ದು ನಾಲ್ಕು ಸಾವಿರ ಚಿಲ್ಲರೆ.
ವೈರಸ್ಸಿಗೂ ಇಲ್ಲ, ಬ್ಯಾಕ್ಟೀರಿಯಕ್ಕೂ ಇಲ್ಲ,
ಹೆಸರಿರುವ ಯಾವ ಆರ್‌ಎನ್‌ಎಗೂ ಇಲ್ಲ.
ಬಿಗಿ ಸಡಿಲಿಸಿದೆ. ಹತ್ತು ತಪ್ಪು ಮಾಫಿ, ಇಪ್ಪತ್ತು ಮಾಫಿ.
ಇಪ್ಪತ್ತಕ್ಕೆ ಯಾವುದೋ ಗೋಧಿಯ ರೋಗ ಬಂದು ನಿಂತಿತು,
ಶಿರಿಯ ಹೊಳೆಯಲ್ಲಿ.

ಬೇಸರಕ್ಕೆ ಅವನ್ನೇ ಒಂದಕ್ಕೊಂದು ಹೊಂದಿಸಿ ನೋಡಿದೆ,
ಅಂತ್ಯಾಕ್ಷರಿ: ಒಂದರ ಬಾಲ, ಇನ್ನೊಂದರ ತಲೆ.
ಮೂರು ಗಂಟೆಗೆ ಆರು ಸಾವಿರ ಅಕ್ಷರದ ಒಂದೇ ಸಾಲು
ಎಲ್ಲೂ ಕಡಿಯದೆ ಪರದೆ ದಾಟಿ ಹೋಯಿತು.
ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ, ಯಾಕೋ.

ಬೆಳಿಗ್ಗೆ ಕಾಕನ ಫೋನು: "ಎಂತ, ಯಾರೆಂದು ಗೊತ್ತಾಯ್ತಾ?"
"ಉಂಟು ಕಾಕ. ಹೆಸರಿಲ್ಲ. ಕೊಂದದ್ದು ಅದೇ ಎಂದೂ ಹೇಳಲಾರೆ."
ಸ್ವಲ್ಪ ಹೊತ್ತು ಆಚೆಯಿಂದ ನೀರಿನ ಸದ್ದು.
"ಹಾಗಾದರೆ ಮರುವಾಯಿ ತೆಗೆಯುವುದಾ, ಬೇಡವಾ?"

ಹೆಸರು ಎಂಬ ಖಾನೆಯಲ್ಲಿ ಕರ್ಸರ್ ಮಿಡಿಯುತ್ತಲೇ ಇತ್ತು.
ಟೀಚರ್, ನಾನು ಗೆರೆ ಎಳೆಯಲಿಲ್ಲ.